ವಿಮರ್ಶಕನ ಕೈಗೆ ಉತ್ಸವದ ಬೀಗದಕೈ

ಚಿತ್ರವಿಮರ್ಶಕನ ಕೆಲಸ ಸುಲಭವೆಂದು ಭಾವಿಸುವವರೇ ಹೆಚ್ಚು. ಇತರರು ವರ್ಷಗಟ್ಟಲೆ ಬೆವರು ಸುರಿಸಿ ನಿರ್ಮಿಸಿದುದನ್ನು ಎರಡು ತಾಸು ಕುಳಿತು ನೋಡಿ, ಒಂದು ಪುಟದಲ್ಲಿ ತೂಗಿಬಿಡುವುದು ಯಾವ ಮಹಾಕಾರ್ಯ? ಆದರೆ ಅದೇ ವಿಮರ್ಶಕನನ್ನು ಕರೆದು, ಜಗತ್ತಿನ ಚಿತ್ರಗಳಲ್ಲಿ ಯಾವುದನ್ನು ತೋರಿಸಬೇಕೆಂಬುದನ್ನು ನೀನೇ ನಿರ್ಧರಿಸು ಎಂದರೆ? ಫ್ರಾನ್ಸಿನ ಜಿಲ್ ಜಾಕೋಬ್ ಅವರಿಗೆ ಒದಗಿದ ಪರೀಕ್ಷೆ ಅದು.

1930ರಲ್ಲಿ ಪ್ಯಾರಿಸ್ಸಿನ ಯೆಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಜಾಕೋಬ್, ಮಹಾಯುದ್ಧದ ದಿನಗಳಲ್ಲಿ ಕ್ರೈಸ್ತ ಪಾದ್ರಿಗಳ ವಿದ್ಯಾಶಾಲೆಯಲ್ಲಿ ಅಡಗಿದ್ದು ಜೀವ ಉಳಿಸಿಕೊಂಡರು. ವಿದ್ಯಾರ್ಥಿಯಾಗಿದ್ದಾಗಲೇ, 1949ರಲ್ಲಿ, ಗೆಳೆಯರೊಡನೆ 'ರಕೋರ್' ಎಂಬ ಚಲನಚಿತ್ರ ಪತ್ರಿಕೆಯನ್ನು ಹೊರಡಿಸಿದರು. ಅದು ಬಹುಕಾಲ ಬಾಳಲಿಲ್ಲ. ಮುಂದೆ ಜೀವನೋಪಾಯಕ್ಕೆ ಮನೆತನದ ಉದ್ಯಮ, ಮನಸ್ಸಿನ ತೃಪ್ತಿಗೆ ಚಿತ್ರವಿಮರ್ಶೆ ಎಂದು ಹಲವು ವರ್ಷಗಳು ಕಳೆದುವು. 1970ರ ದಶಕದ ಮೊದಲ ವರ್ಷಗಳಲ್ಲಿ 'ಲೆಕ್ಸ್‌ಪ್ರೆಸ್' ವಾರಪತ್ರಿಕೆಯ ವಿಮರ್ಶಕರಾಗಿ ಅವರ ಹೆಸರು ಬೆಳಗಿತು.

ಫ್ರಾನ್ಸಿನ ಕಡಲತೀರದ ಕಾನ್ ನಗರದಲ್ಲಿ 1946ರಿಂದ ನಡೆದುಬಂದಿರುವ ಚಿತ್ರೋತ್ಸವಕ್ಕೆ ಮೊದಲು ಆಯಾ ದೇಶಗಳೇ ತಮ್ಮ ಚಿತ್ರಗಳನ್ನು ಆರಿಸಿ ಕಳುಹಿಸುತ್ತಿದ್ದುವು. 1972ರಿಂದ ಆಯ್ಕೆ ಉತ್ಸವದ ಕೈಗೇ ಬಂದಿತು. 1978ರ ಉತ್ಸವದ ವೇಳೆಗೆ ಆ ಹೊಣೆ ಜಾಕೋಬರ ಹೆಗಲೇರಿತ್ತು. ವಿಮರ್ಶಕನ ತಪ್ಪು ಮುಂದಿನ ವಾರದ ಸಂಚಿಕೆಯೊಡನೆ ಮರೆತುಹೋದೀತು. ಆರಿಸುವವನು ತಪ್ಪಿದರೆ ಒಂದು ಚಿತ್ರವೇ ಕತ್ತಲೆಯಲ್ಲಿ ಉಳಿದೀತು.

ಆ ವರ್ಷವೇ ಅವರ ಧೈರ್ಯ ಪ್ರಕಟವಾಯಿತು. ಪೋಲೆಂಡಿನ ಆಂದ್ರೆ ವಾಯ್ಡಾ ಅವರ 'ಅಮೃತಶಿಲೆಯ ಮನುಷ್ಯ' ಅಲ್ಲಿನ ಅಧಿಕಾರಿಗಳ ಕಣ್ಣಿಗೆ ಮುಳ್ಳಾಗಿದ್ದ ಚಿತ್ರ. ಜಾಕೋಬ್ ಅದನ್ನು ಹೆಸರು ಸಾರದೆ, ಅನಿರೀಕ್ಷಿತ ಚಿತ್ರವೆಂದು ತೆರೆಯ ಮೇಲೆ ತಂದರು. ಮೂರು ವರ್ಷಗಳ ಬಳಿಕ, 1981ರಲ್ಲಿ, ಅದರ ಮುಂದಿನ ಕಥೆಯಾದ 'ಉಕ್ಕಿನ ಮನುಷ್ಯ' ಉತ್ಸವದ ಪರಮೋಚ್ಚ ಪ್ರಶಸ್ತಿಯನ್ನೇ ಗಳಿಸಿತು.

ಹೆಸರಾದವರನ್ನು ಗೌರವಿಸುವುದು ಸುಲಭ. ಹೆಸರಿಲ್ಲದವರನ್ನು ಗುರುತಿಸುವುದು ಕಷ್ಟ. ಇದನ್ನರಿತ ಜಾಕೋಬ್, ನಿರ್ದೇಶಕರ ಚೊಚ್ಚಲ ಚಿತ್ರಕ್ಕಾಗಿ 1978ರಲ್ಲಿ 'ಕ್ಯಾಮರಾ ದೋರ್', ಎಂದರೆ ಚಿನ್ನದ ಕ್ಯಾಮರಾ, ಪ್ರಶಸ್ತಿಯನ್ನು ಸ್ಥಾಪಿಸಿದರು. 1988ರಲ್ಲಿ 'ಸಲಾಮ್ ಬಾಂಬೆ'ಯ ಮೀರಾ ನಾಯರ್, 1999ರಲ್ಲಿ 'ಮರಣಸಿಂಹಾಸನಂ' ಎಂಬ ಮಲಯಾಳ ಚಿತ್ರದ ಮುರಳಿ ನಾಯರ್ ಅದನ್ನು ಪಡೆದರು. ಇನ್ನೂ ಕಲಿಯುತ್ತಿರುವವರಿಗೂ ಎಡೆ ಬೇಕೆಂದು 1998ರಲ್ಲಿ, ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳ ಕಿರುಚಿತ್ರಗಳಿಗಾಗಿ, 'ಸಿನೆಫೊಂದಾಸಿಯೊಂ' ಎಂಬ ವಿಭಾಗವನ್ನು ತೆರೆದರು. 2001ರಿಂದ 2014ರವರೆಗೆ ಉತ್ಸವದ ಅಧ್ಯಕ್ಷರಾಗಿದ್ದು, ಬಳಿಕ ಆ ಪೀಠವನ್ನು ಬಿಟ್ಟುಕೊಟ್ಟರು.

ಅವರು ತೆರೆದ ಬಾಗಿಲು ಮಾತ್ರ ಮುಚ್ಚಲಿಲ್ಲ. ಈಗ 'ಲಾ ಸಿನೆಫ್' ಎಂಬ ಹೆಸರಿನ ಆ ವಿಭಾಗದಲ್ಲಿ, 2024ರಲ್ಲಿ, ಕನ್ನಡದ ಕಿರುಚಿತ್ರವೊಂದಕ್ಕೆ ಮೊದಲ ಬಹುಮಾನ ಬಂದಿತು. ಮೈಸೂರಿನಲ್ಲಿ ವೈದ್ಯಶಾಸ್ತ್ರವನ್ನು ಓದಿ, ಬಳಿಕ ಪುಣೆಯ ಚಲನಚಿತ್ರ ಸಂಸ್ಥೆಯನ್ನು ಸೇರಿದ ಚಿದಾನಂದ ಎಸ್. ನಾಯಕರು ಅದರ ನಿರ್ದೇಶಕರು. ಅಜ್ಜಿಯೊಬ್ಬಳು ಹುಂಜವನ್ನು ಕದ್ದೊಯ್ದಳು, ಊರಿಗೆ ಬೆಳಕೇ ಹರಿಯದಾಯಿತು ಎಂಬ ನಮ್ಮ ಜನಪದ ಕಥೆಯೇ ಅದರ ವಸ್ತು. ಕನ್ನಡದ ಮನೆಗಳಲ್ಲಿ ಮಕ್ಕಳು ಕೇಳಿ ಬೆಳೆದ ಅಜ್ಜಿ, ತನ್ನ ಹುಂಜದೊಡನೆ ಕಾನ್ ನಗರವನ್ನು ತಲುಪಿದಳು. ಅವಳು ಒಳಹೊಕ್ಕ ಬಾಗಿಲನ್ನು ಇಪ್ಪತ್ತಾರು ವರ್ಷಗಳ ಹಿಂದೆಯೇ ತೆರೆದಿಟ್ಟವನು, ಒಂದು ಕಾಲದಲ್ಲಿ ವಾರವಾರವೂ ವಿಮರ್ಶೆ ಬರೆಯುತ್ತಿದ್ದ ಪತ್ರಕರ್ತ.