ಹೋಮಿಯೋಪತಿ ವಾಙ್ಮಯದ ಶೋಧನಕ್ರಮ

ಹಾನೆಮನ್ನನು 1796ರಲ್ಲಿ ಪ್ರತಿಪಾದಿಸಿದ ಹೋಮಿಯೋಪತಿಯ ಹೆಸರಿಗೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತಗಳುಂಟು. ಬ್ರಿಟಿಷ್ ರೂಢಿಯ ಬರಹದಲ್ಲಿ ‘ಓ’ ಎಂಬ ಅಕ್ಷರವೊಂದು ಹೆಚ್ಚು. ಅಕ್ಷರಗಳನ್ನು ಮಾತ್ರ ಹೋಲಿಸುವ ಗಣಕಯಂತ್ರದ ಸೂಚಿಯಲ್ಲಿ ಒಂದೇ ರೂಪವನ್ನು ಹುಡುಕಿದವನಿಗೆ ಇನ್ನೊಂದು ರೂಪದ ಲೇಖನಗಳು ಕಾಣಿಸವು. ಅಮೆರಿಕದ ರಾಷ್ಟ್ರೀಯ ವೈದ್ಯಗ್ರಂಥಾಲಯವು 1996ರಲ್ಲಿ ಆರಂಭಿಸಿದ ಪಬ್‌ಮೆಡ್ ಎಂಬ ಸೂಚಿಯಲ್ಲಿ ಇದಕ್ಕೆ ಪರಿಹಾರವಾಗಿ ನಿಯತ ವಿಷಯಶೀರ್ಷಿಕೆಗಳಿವೆ. ಲೇಖಕನ ಕಾಗುಣಿತ ಯಾವುದೇ ಇರಲಿ, ಲೇಖನವು ಒಂದೇ ಶೀರ್ಷಿಕೆಯಡಿ ಸೇರುವುದು. ಆದರೆ ಎಲ್ಲ ಲೇಖನಗಳಿಗೂ ಶೀರ್ಷಿಕೆಯನ್ನು ಕೊಟ್ಟಿರುವುದಿಲ್ಲವಾದುದರಿಂದ, ಶೀರ್ಷಿಕೆಯಿಂದಲೂ ಉಭಯ ಕಾಗುಣಿತಗಳಿಂದಲೂ ಹುಡುಕುವುದು ಯುಕ್ತ. ಹೀಗೆ ದೊರೆತ ಲೇಖನಗಳ ಸಂಖ್ಯೆಯಾದರೋ ಚಿಕಿತ್ಸೆಯ ಫಲಕ್ಕೆ ಪ್ರಮಾಣವಲ್ಲ. ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ಹಾಗೂ ವೈದ್ಯಕೀಯ ಸಂಶೋಧನಾ ಮಂಡಲಿಯು ಪ್ರಕಟಿತ ಸಂಶೋಧನೆಗಳನ್ನು ಶೋಧಿಸಿ, ಕೂಡಿಸಿ, ತೂಗಿ ನೋಡಿ, ಹೋಮಿಯೋಪತಿಯು ಫಲಕಾರಿಯೆನ್ನಲು ನಂಬತಕ್ಕ ಆಧಾರವು ಯಾವ ರೋಗದ ವಿಷಯದಲ್ಲಿಯೂ ಇಲ್ಲವೆಂದು 2015ರಲ್ಲಿ ನಿರ್ಣಯಿಸಿತು.