ಮಸಾಲೆ ದುಡ್ಡಿನ ಮನೆ

ಬಾಗಿಲಿಗೆ ಒಬ್ಬ ಹೆಂಗಸು ಬಂದಿದ್ದಾಳೆ. ಚಿಕ್ಕಪ್ಪನಿಗೆ ಇಷ್ಟವೆಂದು ತೊವ್ವೆ ಮಾಡಿ ತಂದಿದ್ದಾಳೆ. ಮನೆಯ ಹೆಂಗಸರು ಬಾಯಿಗೆ ಬಂದಂತೆ ಬೈದು ಅವಳನ್ನು ಅಟ್ಟುತ್ತಾರೆ. ಚಿಕ್ಕಪ್ಪ ಅವಳ ಪರ ನಿಲ್ಲುವುದಿಲ್ಲ.

ಇದು ವಿವೇಕ ಶಾನಭಾಗರ ಕಾದಂಬರಿ ‘ಘಾಚರ್ ಘೋಚರ್’. ಪ್ರಕಟವಾದದ್ದು 2013ರಲ್ಲಿ.

ಬೆಂಗಳೂರಿನ ಈ ಕುಟುಂಬ ಹಿಂದೆ ಇರುವೆ ಮುತ್ತುತ್ತಿದ್ದ ಪುಟ್ಟ ಮನೆಯಲ್ಲಿತ್ತು. ಕಥೆ ಹೇಳುವವನ ಅಪ್ಪ ಸೇಲ್ಸ್‌ಮನ್, ಸಂಬಳದ ಒಂದೊಂದು ರೂಪಾಯಿಯ ಲೆಕ್ಕವೂ ಮನೆಮಂದಿಗೆಲ್ಲ ಗೊತ್ತು. ಆ ನೌಕರಿ ಹೋಗುತ್ತದೆ, ಚಿಕ್ಕಪ್ಪನ ಮಸಾಲೆ ಕಂಪನಿ ‘ಸೋನಾ ಮಸಾಲ’ ಕೈಹಿಡಿಯುತ್ತದೆ. ಅಲ್ಲಿಂದ ದುಡಿಯುವವನು ಅವನೊಬ್ಬನೇ. ಊಟ, ತಿಂಡಿ ಎಲ್ಲ ಅವನ ಸಮಯಕ್ಕೆ. ಅವನ ಗುಟ್ಟುಗಳಿಗೆ ಮನೆಯೆಲ್ಲ ಕಾವಲು.

ಎದುರು ಮಾತಾಡುವವಳು ಸೊಸೆ ಅನಿತಾ ಮಾತ್ರ. ಅವಳ ಗಂಡನೇ ಕಥೆ ಹೇಳುವವನು, ಕಂಪನಿಯಲ್ಲಿ ಹೆಸರಿಗೆ ಡೈರೆಕ್ಟರ್. ಕೆಲಸವಿಲ್ಲದೆ ಸಂಬಳ ಎಣಿಸುತ್ತಾನೆ. ಅದನ್ನೂ ಅವಳು ಬಿಡುವುದಿಲ್ಲ.

ಕಾದಂಬರಿಯ ದೊಡ್ಡ ಶಕ್ತಿ ಇರುವುದು ಮನೆಯೊಳಗಿನ ಇಂಥ ವಿವರಗಳಲ್ಲೇ. ಉದಾರೀಕರಣ, ಆರ್ಥಿಕ ನೀತಿಗಳ ಬಗ್ಗೆ ಭಾಷಣವಿಲ್ಲ. ಅನ್ನ ಹಾಕುವವನ ತಪ್ಪಿಗೆ ಇಡೀ ಮನೆ ಹೇಗೆ ಬಾಯಿ ಮುಚ್ಚಿಕೊಳ್ಳುತ್ತದೆ ಎಂಬುದನ್ನು ತೋರಿಸುತ್ತದೆ, ಅಷ್ಟೇ. ಅಧಿಕಾರದ ಮುಂದೆ ಸಮಾಜ ಸುಮ್ಮನಾಗುವ ಬಗೆಯೂ ಅದೇ. ಶ್ರೀನಾಥ್ ಪೇರೂರ್ ಇಂಗ್ಲಿಷಿಗೆ ತಂದ ಮೇಲೆ ಹೊರದೇಶಗಳ ಓದುಗರೂ ಈ ಮನೆಯ ಜಗಳವನ್ನು ತಮ್ಮದೆಂಬಂತೆ ಓದಿದರು.