ಆರು ಮಕ್ಕಳು, ಆರು ತುಂಡು ಪಾಠ

1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯರ, ಕಪ್ಪು ಜನಾಂಗದವರ ಹಾಗೂ ಮೆಕ್ಸಿಕನ್ ಮೂಲದವರ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಯಲ್ಲಿ ಕುಳಿತರು. ಪರಿಚಯವಿಲ್ಲ, ನಂಬಿಕೆಯಿಲ್ಲ, ಹೊಡೆದಾಟವೇ ನಡೆಯಿತು. ಮನೋವಿಜ್ಞಾನಿ ಎಲಿಯಟ್ ಆರನ್ಸನ್ ತರಗತಿಯೊಳಗೆ ಕಂಡದ್ದು, ನಾ ಮುಂದು ತಾ ಮುಂದು ಎಂದು ಕೈಯೆತ್ತುವ ಪೈಪೋಟಿ. ಒಬ್ಬ ತಪ್ಪಿದರೆ ಮತ್ತೊಬ್ಬನಿಗೆ ಖುಷಿ! (ನಮ್ಮ ತರಗತಿಗಳೇನು ಬೇರೆಯೇ?)

ಆರನ್ಸನ್ ತಂಡ ಎಲ್ಲ ಜನಾಂಗದವರೂ ಇರುವಂತೆ ಆರಾರು ಮಕ್ಕಳ ಗುಂಪು ಮಾಡಿ, ಒಬ್ಬೊಬ್ಬರಿಗೆ ಪಾಠದ ಒಂದೊಂದು ಭಾಗವನ್ನಷ್ಟೇ ಕೊಟ್ಟಿತು. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ! ಇಂಗ್ಲಿಷಿನಲ್ಲಿ ತಡವರಿಸುವ ಹುಡುಗನನ್ನು ಗೇಲಿ ಮಾಡಿದರೆ ಅವನ ಭಾಗ ದಕ್ಕದು. ಅಣಕಿಸುತ್ತಿದ್ದವರೇ ತಾಳ್ಮೆಯಿಂದ ಪ್ರಶ್ನೆ ಕೇಳಿ ಅವನಿಂದ ಹೇಳಿಸತೊಡಗಿದರು. ಕೆಲವೇ ವಾರಗಳಲ್ಲಿ ಒಬ್ಬರಿಗೊಬ್ಬರು ಹತ್ತಿರವಾದರು. ಅಲ್ಪಸಂಖ್ಯಾತ ಮಕ್ಕಳ ಅಂಕಗಳು ಏರಿದವು. ಬಿಳಿಯ ಮಕ್ಕಳ ಅಂಕಗಳೇನೂ ಇಳಿಯಲಿಲ್ಲ.